ತೋಟದ ಮನೆಗೆ ನಾಯಿಮರಿ: ಗೂಡು ಮತ್ತು ಮೊದಲ ಸಾಮಗ್ರಿಗಳು

ಮುಂಗಾರು ಬಿತ್ತನೆಗೆ ಮುನ್ನ ಬೀಜ, ಗೊಬ್ಬರ, ಕೂರಿಗೆಗಳನ್ನು ಅಣಿಮಾಡಿಕೊಳ್ಳುವ ರೈತರು ನಾಯಿಮರಿಯನ್ನು ಮಾತ್ರ ಯಾವ ಸಿದ್ಧತೆಯೂ ಇಲ್ಲದೆ ಮನೆಗೆ ತರುವುದುಂಟು. ಯಾರೋ ಕೊಟ್ಟರೆಂದು ಕೈಚೀಲದಲ್ಲಿ ಹಾಕಿಕೊಂಡು ಬಂದು, ಕೊಟ್ಟಿಗೆಯ ಮೂಲೆಯಲ್ಲಿ ಹಗ್ಗ ಕಟ್ಟಿಬಿಟ್ಟರೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಊರಿನಿಂದ ದೂರ ಹೊಲದಲ್ಲಿಯೇ ಮನೆ ಮಾಡಿಕೊಂಡಿರುವ ಕುಟುಂಬಕ್ಕೆ ಒಳ್ಳೆಯ ನಾಯಿ ಹತ್ತು ಹನ್ನೆರಡು ವರ್ಷಗಳ ಕಾವಲುಗಾರ. ಅದರ ಗುಣ ಮತ್ತು ಆರೋಗ್ಯ ಬಹುಮಟ್ಟಿಗೆ ಮೊದಲ ಕೆಲವು ತಿಂಗಳಲ್ಲಿ ನಾವು ಕೊಡುವ ಆರೈಕೆಯನ್ನು ಅವಲಂಬಿಸಿದೆ.

ಬೇಸಾಯ ಶಾಸ್ತ್ರದವನಾದ ನಾನು ಈ ವಿಷಯ ಬರೆಯಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಹೊಲದ ಮನೆಗೆ ಎರಡು ತಿಂಗಳ ಮರಿಯೊಂದನ್ನು ತಂದಿದ್ದೆವು. ರಾತ್ರಿ ಅದನ್ನು ಕೊಟ್ಟಿಗೆಯಲ್ಲಿ ಬಿಡುತ್ತಿದ್ದೆವು, ಗೂಡು ಇರಲಿಲ್ಲ. ಶೇಂಗಾ ಹೊಲದ ಬದುವಿನಲ್ಲಿ ಇಲಿಗಳಿಗೆಂದು ನಾನೇ ಜಿಂಕ್ ಫಾಸ್ಫೈಡ್ ಬೆರೆಸಿದ ವಿಷದ ಉಂಡೆಗಳನ್ನು ಇಡಿಸಿದ್ದೆ. ಬೆಳಗಿನ ಜಾವ ಮರಿ ಹೊರಗೆ ಹೋಗಿ ಉಳಿದಿದ್ದ ಉಂಡೆಯನ್ನು ತಿಂದಿತು. ಪಶುವೈದ್ಯರ ಬಳಿಗೆ ಒಯ್ಯುವಷ್ಟರಲ್ಲಿ ಸತ್ತಿತು. ಇಲಿ ನಿಯಂತ್ರಣದ ಬಗ್ಗೆ ಊರೂರಿನಲ್ಲಿ ಹೇಳುವವನ ಮನೆಯಲ್ಲಿಯೇ ಹೀಗಾಯಿತು. ನಾಲ್ಕು ಹಲಗೆಯ ಗೂಡೊಂದು ಇದ್ದಿದ್ದರೆ ಆ ಮರಿ ಉಳಿಯುತ್ತಿತ್ತು. ಮುಂದಿನ ಮಾತುಗಳನ್ನು ಪಶುವೈದ್ಯ ಮಿತ್ರರೊಡನೆ ಚರ್ಚಿಸಿ, ಎರಡನೆಯ ಮರಿಯನ್ನು ಸಾಕಿದ ಅನುಭವವನ್ನೂ ಸೇರಿಸಿ ಬರೆದಿದ್ದೇನೆ.

ಯಾವ ಮರಿ, ಎಷ್ಟು ವಯಸ್ಸು?

ಕಾವಲಿಗೆ ನಮ್ಮ ನಾಟಿ ನಾಯಿಯೂ ಯೋಗ್ಯವೇ. ಉತ್ತರ ಕರ್ನಾಟಕದಲ್ಲಿ ಮುಧೋಳ ತಳಿ ಹೆಸರಾದದ್ದು. ಈ ತಳಿಯ ಚಿತ್ರವುಳ್ಳ ಅಂಚೆಚೀಟಿ 2005ರಲ್ಲಿ ಹೊರಬಂದಿತು. 2016ರಲ್ಲಿ ಭಾರತೀಯ ಸೇನೆಯು ತರಬೇತಿಗಾಗಿ ಇದರ ಮರಿಗಳನ್ನು ಆರಿಸಿಕೊಂಡಿತು. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವು ಮುಧೋಳದ ಬಳಿ ತಿಮ್ಮಾಪುರದಲ್ಲಿದೆ. ಮುಧೋಳ ನಾಯಿಗೆ ತೆಳುವಾದ ಚರ್ಮ, ಗಿಡ್ಡ ಕೂದಲು. ಮೈಯಲ್ಲಿ ಕೊಬ್ಬು ಕಡಿಮೆ. ಆದ್ದರಿಂದ ಚಳಿ ಬೇಗ ತಾಗುತ್ತದೆ, ಗಟ್ಟಿ ನೆಲದ ಮೇಲೆ ಮಲಗಿದರೆ ಮೊಣಕೈ ತರಚುತ್ತದೆ. ಓಡುವುದೇ ಇದರ ಹುಟ್ಟುಗುಣವಾದ್ದರಿಂದ ದಿನವಿಡೀ ಕಟ್ಟಿಹಾಕುವ ಮನೆಗೆ ಇದು ತಕ್ಕುದಲ್ಲ.

ಯಾವ ತಳಿಯಾದರೂ 8 ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಬಾರದು. ತರುವಾಗ ತಾಯಿ ಮಲಗುವ ಜಾಗದ ಒಂದು ತುಂಡು ಬಟ್ಟೆಯನ್ನು ಕೇಳಿ ತರಬೇಕು. ಆ ವಾಸನೆಯಿಂದ ಮರಿಗೆ ಮೊದಲ ರಾತ್ರಿಗಳು ಸುಗಮವಾಗುತ್ತವೆ.

ಗೂಡಿನ ಅಳತೆ

ನಾಯಿ ಒಳಗೆ ತಲೆ ತಾಗದಂತೆ ನಿಲ್ಲಬೇಕು, ಸಲೀಸಾಗಿ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಇದೇ ಅಳತೆಯ ಸೂತ್ರ. ಬೆಳೆದ ಮುಧೋಳ ಗಂಡುನಾಯಿ ಭುಜದವರೆಗೆ ಸುಮಾರು 28 ಅಂಗುಲ ಎತ್ತರವಿರುತ್ತದೆ. ಅದಕ್ಕೆ 4 ಅಡಿ ಉದ್ದ, 2.5 ಅಡಿ ಅಗಲ, 3 ಅಡಿ ಎತ್ತರದ ಗೂಡು ಸಾಕು. ಮಧ್ಯಮ ಗಾತ್ರದ ನಾಟಿ ನಾಯಿಗೆ 3 ಅಡಿ ಉದ್ದ, 2 ಅಡಿ ಅಗಲ, 2.5 ಅಡಿ ಎತ್ತರ ಸಾಕಾಗುತ್ತದೆ.

ಮರಿ ಚಿಕ್ಕದೆಂದು ಚಿಕ್ಕ ಗೂಡು ಮಾಡಿಸಿದರೆ ಆರು ತಿಂಗಳಿಗೆ ಮತ್ತೊಂದು ಬೇಕಾಗುತ್ತದೆ. ದೊಡ್ಡ ಗೂಡಿನಲ್ಲಿ ಮರಿಯನ್ನು ಹಾಗೆಯೇ ಬಿಟ್ಟರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಹೊಲಸು ಮಾಡುತ್ತದೆ. ತಾನು ಮಲಗುವ ಜಾಗವನ್ನು ಕೆಡಿಸದಿರುವುದು ನಾಯಿಯ ಸ್ವಭಾವ. ಇದರ ಲಾಭ ಪಡೆಯಲು ಗೂಡನ್ನು ಪೂರ್ಣ ಅಳತೆಗೇ ಮಾಡಿಸಿ, ಒಳಗೆ ಸರಿಸಬಹುದಾದ ಹಲಗೆಯನ್ನು ಅಡ್ಡವಾಗಿ ಭದ್ರಪಡಿಸಿರಿ. ಮೊದಲು ಸುಮಾರು 2 ಅಡಿ ಜಾಗ ಕೊಟ್ಟು, ಮರಿ ಬೆಳೆದಂತೆಲ್ಲ ಹಲಗೆಯನ್ನು ಹಿಂದಕ್ಕೆ ಸರಿಸುತ್ತ ಹೋಗಬೇಕು.

ಯಾವುದರಿಂದ ಮಾಡಿಸಬೇಕು?

ಪೇಟೆಯಲ್ಲಿ ಮಡಿಚುವ ತಂತಿಯ ಗೂಡುಗಳೂ ಪ್ಲಾಸ್ಟಿಕ್ ಗೂಡುಗಳೂ ದೊರೆಯುತ್ತವೆ. ನಾಲ್ಕೂ ಕಡೆ ಗಾಳಿಯಾಡುವುದರಿಂದ ನಮ್ಮ ಬಯಲುಸೀಮೆಯ ಸೆಕೆಗೆ ತಂತಿಯದೇ ಮೇಲು. ಪ್ಲಾಸ್ಟಿಕ್ ಗೂಡು ಪ್ರಯಾಣಕ್ಕೆ ಹಗುರ, ಆದರೆ ಬೇಸಿಗೆಯಲ್ಲಿ ಒಳಗೆ ಕಾವು ನಿಲ್ಲುತ್ತದೆ. ಊರಿನ ಬಡಗಿಯಿಂದ ಮಾಡಿಸುವವರು ಹಳೆಯ ಹಲಗೆಗಳನ್ನೇ ಬಳಸಬಹುದು. ಈ ಅಂಶಗಳನ್ನು ಗಮನಿಸಬೇಕು:

1. ಸರಳುಗಳ ನಡುವೆ ಮರಿಯ ತಲೆ ತೂರಬಾರದು. ಒಂದೂವರೆ ಅಂಗುಲಕ್ಕಿಂತ ಹೆಚ್ಚು ಸಂದು ಬೇಡ.
2. ತಳಕ್ಕೆ ಬರಿಯ ಜಾಲರಿ ಹಾಕಬಾರದು, ಬೆರಳು ಸಿಕ್ಕಿ ಗಾಯವಾಗುತ್ತದೆ. ಹಲಗೆಯ ತಳವನ್ನು ನೆಲದಿಂದ 4 ಅಂಗುಲ ಎತ್ತರದಲ್ಲಿರಿಸಿದರೆ ತೇವ ತಾಗದು.
3. ವೆಲ್ಡಿಂಗ್ ಮಾಡಿದ ಜಾಗದ ಮೊನೆಗಳನ್ನು ಅರದಿಂದ ಉಜ್ಜಿಸಬೇಕು. ಮೊಳೆಯ ತುದಿ ಒಳಗೆ ಚಾಚಿರಬಾರದು.
4. ಒಳಭಾಗಕ್ಕೆ ಬಣ್ಣ ಬಳಿಯದಿರುವುದೇ ಲೇಸು. ಹಲ್ಲು ಬರುವ ಮರಿ ಕಂಡದ್ದನ್ನೆಲ್ಲ ಕಚ್ಚುತ್ತದೆ.
5. ಅಗಳಿ ಹೊರಗಿನಿಂದ ಭದ್ರವಾಗಿರಬೇಕು.

ಗೂಡನ್ನು ಪಡಸಾಲೆಯಲ್ಲಿ ಅಥವಾ ದಟ್ಟ ನೆರಳಿನಲ್ಲಿ ಇಡಿ. ತಗಡಿನ ಮಾಡಿನ ಕೆಳಗೆ ಬೇಸಿಗೆಯ ಮಧ್ಯಾಹ್ನ ಮರಿಯನ್ನು ಮುಚ್ಚಿಟ್ಟರೆ ಕಾವಿನಿಂದಲೇ ಸಾಯಬಹುದು.

ಗೂಡಿಗೆ ಒಗ್ಗಿಸುವ ಕ್ರಮ

ಮೊದಲ ದಿನವೇ ಒಳಗೆ ನೂಕಿ ಬಾಗಿಲು ಹಾಕಬಾರದು. ಬಾಗಿಲು ತೆರೆದಿಟ್ಟು ಊಟವನ್ನು ಒಳಗೇ ಕೊಡಿ. ತಾನಾಗಿ ಹೋಗಿ ಬರುವುದು ರೂಢಿಯಾದ ಮೇಲೆ ಐದು ನಿಮಿಷ, ಹತ್ತು ನಿಮಿಷ ಎಂದು ಬಾಗಿಲು ಹಾಕುವ ಸಮಯವನ್ನು ಹೆಚ್ಚಿಸಿ. ಶಿಕ್ಷೆಗಾಗಿ ಗೂಡಿಗೆ ಹಾಕುವುದು ತರವಲ್ಲ. ಹಾಗೆ ಮಾಡಿದರೆ ಜೀವಮಾನವೆಲ್ಲ ಗೂಡೆಂದರೆ ಹೆದರುತ್ತದೆ. ಎರಡು ತಿಂಗಳ ಮರಿಯನ್ನು ಹಗಲು ಎರಡು ಗಂಟೆಗಿಂತ ಹೆಚ್ಚು ಒಳಗಿಡಬಾರದು. ರಾತ್ರಿ ಒಂದೆರಡು ಸಲ ಎದ್ದು ಹೊರಗೆ ಬಿಡಬೇಕು. ಮೊದಲ ವಾರ ಅಳುವುದು ಸಹಜ. ಗೂಡನ್ನು ನೀವು ಮಲಗುವ ಜಾಗದ ಬಳಿಯಿಟ್ಟರೆ ಬೇಗ ಸುಮ್ಮನಾಗುತ್ತದೆ.

ಹಾಸಿಗೆ, ಬಟ್ಟಲು, ಕೊರಳಪಟ್ಟಿ

ಹಾಸಲು ಹಳೆಯ ಕೌದಿ ಅಥವಾ ಗೋಣಿತಾಟು ಸಾಕು. ಆದರೆ ಬೀಜೋಪಚಾರ ಮಾಡಿದ ಬೀಜ, ಗೊಬ್ಬರ ಅಥವಾ ಕೀಟನಾಶಕ ತುಂಬಿದ್ದ ಚೀಲವನ್ನು ಖಂಡಿತ ಹಾಸಬಾರದು. ಒಗೆದರೂ ವಿಷದ ಅಂಶ ಉಳಿದೀತು. ಅದರ ಮೇಲೆ ಮಲಗುವ ಮರಿ ಅದನ್ನು ನೆಕ್ಕುತ್ತದೆ, ಕಚ್ಚುತ್ತದೆ.

ನೀರಿಗೊಂದು, ಊಟಕ್ಕೊಂದು ಭಾರವಾದ ಬಟ್ಟಲು ಬೇಕು. ಸ್ಟೀಲಿನದಾಗಲಿ, ಕಲ್ಲಿನದಾಗಲಿ ಉರುಳದಿದ್ದರೆ ಸರಿ. ಔಷಧಿ ಅಳೆಯಲು ಬಳಸಿದ ಡಬ್ಬಿಗಳನ್ನು ಎಂದಿಗೂ ಉಪಯೋಗಿಸಬೇಡಿ.

ಕೊರಳಪಟ್ಟಿ ಬಟ್ಟೆಯದೋ ಮೆತ್ತನೆಯ ಚರ್ಮದ್ದೋ ಇರಲಿ. ಪಟ್ಟಿಯ ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿರಬೇಕು. ಮರಿ ಬೇಗ ಬೆಳೆಯುವುದರಿಂದ ವಾರಕ್ಕೊಮ್ಮೆ ನೋಡಿ ಸಡಿಲಿಸದಿದ್ದರೆ ಪಟ್ಟಿ ಕುತ್ತಿಗೆಯ ಮಾಂಸಕ್ಕೆ ಇಳಿಯುತ್ತದೆ. ಮುಧೋಳ ನಾಯಿಯ ತಲೆ ಸಣ್ಣದಾದ್ದರಿಂದ ಕಿರಿದಾದ ಪಟ್ಟಿ ಜಾರಿ ಬರುತ್ತದೆ, ಅಗಲವಾದುದನ್ನು ಆರಿಸಿ. ಗೂಡಿನೊಳಗೆ ಬಿಡುವಾಗ ಪಟ್ಟಿಯನ್ನು ತೆಗೆಯುವುದು ಒಳ್ಳೆಯದು, ಸರಳಿಗೆ ಸಿಕ್ಕಿ ಉಸಿರು ಕಟ್ಟಬಹುದು. ಭಾರದ ಕಬ್ಬಿಣದ ಸರಪಳಿ ಮರಿಗೆ ಬೇಡ. ಕಚ್ಚಲು ಗಂಟು ಹಾಕಿದ ದಪ್ಪ ಬಟ್ಟೆಯನ್ನು ಕೊಟ್ಟರೆ ನಿಮ್ಮ ಚಪ್ಪಲಿ ಉಳಿಯುತ್ತದೆ.

ಆಹಾರ

ಮೂರು ತಿಂಗಳವರೆಗೆ ದಿನಕ್ಕೆ 4 ಸಲ, ಆರು ತಿಂಗಳವರೆಗೆ 3 ಸಲ, ಆಮೇಲೆ 2 ಸಲ ಊಟ. ಮೆತ್ತಗೆ ಬೇಯಿಸಿದ ಅನ್ನ ಅಥವಾ ನುಚ್ಚು, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ, ಸ್ವಲ್ಪ ಮೊಸರು ಸೇರಿಸಿ ಕೊಡಬಹುದು. ಬರಿಯ ರೊಟ್ಟಿ ಹಾಲಿನಿಂದ ಬೆಳೆಯುವ ಮರಿಗೆ ಬೇಕಾದ ಪೋಷಣೆ ಸಿಗುವುದಿಲ್ಲ. ಹಾಲು ಹೆಚ್ಚಾದರೆ ಭೇದಿಯಾಗುತ್ತದೆ.

ವಿಜಯಪುರ, ಬಾಗಲಕೋಟೆ ಭಾಗದ ರೈತರು ಒಂದು ಮಾತನ್ನು ನೆನಪಿಡಬೇಕು. ನೀವು ಬೆಳೆಯುವ ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಹಾಳುಮಾಡುತ್ತವೆ. ಒಣದ್ರಾಕ್ಷಿ ಶೆಡ್ಡು, ಈರುಳ್ಳಿ ರಾಶಿಗಳಿಂದ ಮರಿಯನ್ನು ದೂರವಿಡಿ. ಉಳಿದ ಸಾರನ್ನು ಸುರಿಯಬೇಡಿ. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಕುರಿ ಕಡಿದಾಗ ಹಸಿ ಕರುಳು, ಪುಪ್ಪುಸಗಳನ್ನು ನಾಯಿಗೆ ಎಸೆದರೆ ಲಾಡಿಹುಳು ಸೇರಿ, ಅದರಿಂದ ಮನೆಯವರಿಗೂ ರೋಗ ಬರಬಹುದು.

ಹೊಲದ ವಿಷಗಳು

ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ವಿಷಾನಿಲವಾಗುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ವಿಷದ ಉಂಡೆಯನ್ನು ಬಿಲದೊಳಗೇ ಇಟ್ಟು ಬಾಯಿ ಮುಚ್ಚಬೇಕು. ಉಳಿದುದನ್ನೂ ಸತ್ತ ಇಲಿಗಳನ್ನೂ ಬೆಳಗಾದೊಡನೆ ಆರಿಸಿ ಆಳವಾಗಿ ಹೂಳಬೇಕು. ಅಷ್ಟು ದಿನ ಮರಿ ಗೂಡಿನಲ್ಲಿಯೇ ಇರಲಿ; ಹೊರಗೆ ಬಿಡುವಾಗ ಹಗ್ಗ ಹಿಡಿದು ಜೊತೆಗಿರಿ. ವಿಷ ತಿಂದ ಅನುಮಾನ ಬಂದರೆ ಮನೆಮದ್ದಿಗೆ ಸಮಯ ಕಳೆಯದೆ, ವಿಷದ ಪೊಟ್ಟಣದೊಂದಿಗೆ ಪಶುವೈದ್ಯರಲ್ಲಿಗೆ ಧಾವಿಸಿರಿ.

ಉಣ್ಣೆ, ಚಿಗಟಗಳಿಗೆಂದು ಬೆಳೆಗೆ ಸಿಂಪಡಿಸುವ ಔಷಧಿಯನ್ನು ನೀರಿಗೆ ಬೆರೆಸಿ ಮೈ ತೊಳೆಯುವ ಪದ್ಧತಿ ಕೆಲವೆಡೆ ಇದೆ. ಇದು ಮರಿಯ ಪ್ರಾಣಕ್ಕೆ ಎರವಾಗುತ್ತದೆ. ಪಶುವೈದ್ಯರು ಹೇಳಿದ ಔಷಧಿಯನ್ನೇ, ಮರಿಯ ತೂಕಕ್ಕೆ ತಕ್ಕಂತೆ ಬಳಸಿ.

ಲಸಿಕೆ ಮತ್ತು ಜಂತುನಾಶಕ

ಎಲ್ಲ ಸಾಮಗ್ರಿಗಳಿಗಿಂತ ಮುಖ್ಯವಾದುದು ಲಸಿಕೆಯ ಚೀಟಿ. ಪಾರ್ವೋ, ಡಿಸ್ಟೆಂಪರ್ ರೋಗಗಳ ಲಸಿಕೆಯನ್ನು 6ರಿಂದ 8 ವಾರಕ್ಕೆ ಆರಂಭಿಸಿ, 3-4 ವಾರಕ್ಕೊಮ್ಮೆಯಂತೆ 16 ವಾರದವರೆಗೆ ಹಾಕಿಸಬೇಕು. ಅಲ್ಲಿಯವರೆಗೆ ಬೀದಿನಾಯಿಗಳ ಸಂಪರ್ಕ ಬೇಡ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ನಂತರ ವೈದ್ಯರು ತಿಳಿಸಿದಂತೆ ಮರುಲಸಿಕೆ. ಜಂತುನಾಶಕವನ್ನು ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಿಸಿ.

ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರು ಬದುಕುವುದು ಇಲ್ಲವೆಂದೇ ಹೇಳಬೇಕು. ಯಾವುದೇ ನಾಯಿ ಕಚ್ಚಲಿ, ಸಾಕಿದ ಮರಿಯೇ ಪರಚಲಿ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ ಹಚ್ಚುತ್ತ ಕೂಡಬಾರದು.

ಕೊನೆಯ ಮಾತು

ಮೇಲಿನ ಸಾಮಗ್ರಿಗಳಲ್ಲಿ ಹೆಚ್ಚಿನವು ರೈತರ ಮನೆಯಲ್ಲಿಯೇ ಸಿಗುತ್ತವೆ. ಹಣ ಕೊಟ್ಟು ತರಬೇಕಾದವು ಕೊರಳಪಟ್ಟಿ, ಔಷಧಿ, ಲಸಿಕೆಗಳು ಮಾತ್ರ. ಗೂಡು, ಹಾಸಿಗೆ, ಬಟ್ಟಲುಗಳನ್ನು ಮರಿ ಬರುವ ಹಿಂದಿನ ದಿನವೇ ಸಿದ್ಧಮಾಡಿ, ಸಮೀಪದ ಪಶುವೈದ್ಯ ಸಂಸ್ಥೆಗೆ ಹೋಗುವ ದಿನವನ್ನೂ ಗೊತ್ತುಮಾಡಿಕೊಳ್ಳಿ. ನಮ್ಮ ಎರಡನೆಯ ಮರಿ ಈಗ ಬೆಳೆದು ದೊಡ್ಡದಾಗಿದೆ. ಗೂಡಿನ ಬಾಗಿಲು ಸದಾ ತೆರೆದಿದ್ದರೂ ರಾತ್ರಿ ಹೊಲ ಸುತ್ತಿ ಬಂದು ಅಲ್ಲಿಯೇ ಮಲಗುತ್ತದೆ. ಇಲಿಯ ಔಷಧಿ ಇಡುವ ದಿನ ಮಾತ್ರ ಆ ಬಾಗಿಲನ್ನು ನಾನೇ ಹಾಕಿ, ಅಗಳಿಯನ್ನು ಎರಡು ಸಲ ಎಳೆದು ನೋಡುತ್ತೇನೆ.