ಮಾಸಿದ ಅಕ್ಷರಕ್ಕೆ ಚುಕ್ಕಿ

ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಮತ್ತು ಎಂಟನೆಯ ಸಂಪುಟಗಳಾಗಿ 1902ರಲ್ಲಿಯೂ 1904ರಲ್ಲಿಯೂ ಪ್ರಕಟಿಸಿದರು. ವೀರಗಲ್ಲು, ದಾನಶಾಸನ, ದೇವಾಲಯದ ಗೋಡೆಯ ಬರಹ ಇವೆಲ್ಲವೂ ಅಚ್ಚಾಗಿರುವ ಅಂಥ ಸಂಪುಟಗಳಲ್ಲಿ ಅಕ್ಷರಗಳ ನಡುನಡುವೆ ಚುಕ್ಕಿಗಳ ಸಾಲುಗಳೂ ಕಾಣುತ್ತವೆ. ನೂರಾರು ವರ್ಷಗಳ ಮಳೆಗೆ ಕಲ್ಲು ಸವೆದು ಬರಹವು ಮಾಸಿದ ಕಡೆ, ಅಲ್ಲಿ ಇಂಥದೇ ಪದವಿದ್ದಿರಬೇಕೆಂದು ತನ್ನ ಮನಸ್ಸಿಗೆ ತೋರಿದರೂ ಅದನ್ನು ಮೂಲಪಾಠವೆಂಬಂತೆ ಸೇರಿಸದೆ, ಚುಕ್ಕಿಯನ್ನಿಟ್ಟು ಮುಂದೆ ನಡೆಯುವುದು ಶಾಸನ ಸಂಪಾದಕನಿಗೆ ವಿಹಿತವಾದ ಮರ್ಯಾದೆ. ಅಳಿದದ್ದು ಅಳಿದಿದೆ ಎಂದು ಒಪ್ಪಿಕೊಳ್ಳುವ ಆ ಚುಕ್ಕಿಯೂ ವಿದ್ಯೆಯ ಒಂದು ಭಾಗವೇ ಆಗಿದೆ.

ಈ ಹಳೆಯ ಮರ್ಯಾದೆಯು ಇಂದು ಮತ್ತೆ ನೆನಪಿಗೆ ಬರುವುದಕ್ಕೆ ಕಾರಣ, ಅಂತರ್ಜಾಲದ ವಿಶ್ವಕೋಶಗಳಲ್ಲಿ ಕೃತಕ ಬುದ್ಧಿಮತ್ತೆಯು ರಚಿಸಿದ ಚಿತ್ರಗಳಿಗೆ ಸ್ಥಾನವುಂಟೆ ಎಂಬ ಪ್ರಶ್ನೆ. ಇದು ದೂರದೇಶದ ಪಂಡಿತರ ತರ್ಕವೆಂದು ಶಿವಮೊಗ್ಗ-ಭದ್ರಾವತಿಗಳವರು ಸುಮ್ಮನಿರುವಂತಿಲ್ಲ. ಏಕೆಂದರೆ ವಿಶ್ವಕೋಶವೆಂಬುದು ಈ ಸೀಮೆಗೆ ಹೊಸದಲ್ಲ. ಕೆಳದಿಯ ರಾಣಿ ಚೆನ್ನಮ್ಮಾಜಿಯ ದತ್ತುಪುತ್ರನಾದ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ರಾಜನೀತಿ, ವಾಸ್ತು, ಸಂಗೀತ, ಪಾಕಶಾಸ್ತ್ರ ಮೊದಲಾದ ವಿದ್ಯೆಗಳನ್ನೂ ತನ್ನ ವಂಶದ ಚರಿತ್ರೆಯನ್ನೂ ಒಂದೆಡೆ ಸಂಗ್ರಹಿಸಿ, 108 ತರಂಗಗಳ ‘ಶಿವತತ್ತ್ವರತ್ನಾಕರ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವೂ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಅದೇ ಹಂಬಲದ ಮುಂದಿನ ರೂಪಗಳು. ಹಿಂದಿನವುಗಳಿಗೆ ರಾಜಾಶ್ರಯವೋ ವಿದ್ಯಾಪೀಠವೋ ಹೊಣೆಯಾಗಿತ್ತು. ವಿಕಿಪೀಡಿಯಕ್ಕಾದರೋ ಬಿಡುವಿನ ವೇಳೆಯಲ್ಲಿ ಬರೆಯುವ ಸಾಮಾನ್ಯ ಜನರೇ ಹೊಣೆ.

ಇಂಥ ಬರಹಗಾರನಿಗೆ ಎದುರಾಗುವ ಕಷ್ಟವನ್ನು ಲಘುವಾಗಿ ಕಾಣಲಾಗದು. ಚೆನ್ನಮ್ಮಾಜಿಯ ವಿಷಯವನ್ನೇ ತೆಗೆದುಕೊಳ್ಳೋಣ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಸುಮಾರು ಕಾಲು ಶತಮಾನ ರಾಜ್ಯವಾಳಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಅದಕ್ಕಾಗಿ ಔರಂಗಜೇಬನ ಸೈನ್ಯವನ್ನು ಎದುರಿಸಿದ ಈ ರಾಣಿಯನ್ನು ಕುರಿತ ಲೇಖನಕ್ಕೆ ಒಂದು ಚಿತ್ರ ಬೇಕೆನಿಸುವುದು ಸಹಜ. ಎದುರಿಗೆ ಕುಳ್ಳಿರಿಸಿ ಬರೆದ ಭಾವಚಿತ್ರವಿಲ್ಲದ ಆಕೆಯ ಹೆಸರನ್ನು ಯಂತ್ರಕ್ಕೆ ತಿಳಿಸಿದರೆ, ಕ್ಷಣಾರ್ಧದಲ್ಲಿ ಕಿರೀಟ, ಖಡ್ಗ, ಬಿಳಿಯ ಕುದುರೆ ಸಹಿತವಾದ ತೇಜೋಮಯ ಮುಖವೊಂದು ಪ್ರತ್ಯಕ್ಷವಾಗುವುದು. ಅದು ಯಾರ ಮುಖ? ಹೆಸರಿನ ಸಾಮ್ಯದಿಂದ ಜನರೇ ಎಷ್ಟೋ ವೇಳೆ ಕೆಳದಿಯ ಚೆನ್ನಮ್ಮನನ್ನೂ ಕಿತ್ತೂರಿನ ಚೆನ್ನಮ್ಮನನ್ನೂ ಬೆರಸಿಬಿಡುವಾಗ, ಅದೇ ಜನರು ಅಂತರ್ಜಾಲದಲ್ಲಿ ಹಾಕಿದ ಚಿತ್ರಗಳಿಂದಲೇ ಕಲಿತ ಯಂತ್ರವು ಅವರಿಬ್ಬರನ್ನು ಬೇರ್ಪಡಿಸೀತೆಂದು ನಂಬುವುದು ಹೇಗೆ?

ಈ ಯಂತ್ರದ ಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಅಡಿಬರಹಗಳಿರುವ ಕೋಟಿಗಟ್ಟಲೆ ಚಿತ್ರಗಳನ್ನು ಅದಕ್ಕೆ ಉಣಿಸಿ, ಅವುಗಳ ಮೇಲೆ ಬೇಕೆಂದೇ ಚುಕ್ಕೆಗಳ ಧೂಳನ್ನೆರಚಿ, ಆ ಧೂಳನ್ನು ತೆಗೆದು ಚಿತ್ರವನ್ನು ಮರಳಿ ಪಡೆಯುವ ಅಭ್ಯಾಸವನ್ನು ಮಾಡಿಸುತ್ತಾರೆ. ಅನಂತರ ಬರಿಯ ಧೂಳನ್ನೇ ಮುಂದಿಟ್ಟರೂ, ನಾವು ಕೊಟ್ಟ ಪದಗಳಿಗೆ ಹೊಂದುವಂಥದನ್ನು ಅದು ಹಂತಹಂತವಾಗಿ ಮೂಡಿಸುತ್ತದೆ. 2022ರಿಂದೀಚೆಗೆ ಈ ಸಾಮರ್ಥ್ಯವು ಸಾಮಾನ್ಯರ ಕೈಗೂ ಎಟುಕಿದೆ. ಆದರೆ ಹೆಚ್ಚಾಗಿ ಕಂಡದ್ದನ್ನೇ ಹೆಚ್ಚಾಗಿ ಬರೆಯುವುದು ಇದರ ಸ್ವಭಾವ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವು ಹೊಯ್ಸಳರ ಕಾಲದ, ಮೂರು ಗರ್ಭಗೃಹಗಳ ತ್ರಿಕೂಟಾಚಲ. ಬೇಲೂರು ಹಳೇಬೀಡುಗಳಷ್ಟು ಚಿತ್ರಗಳು ಅದಕ್ಕಿಲ್ಲ. ಆದಕಾರಣ ಭದ್ರಾವತಿಯನ್ನು ಕೇಳಿದವನಿಗೆ ಯಂತ್ರವು ಬೇಲೂರನ್ನೋ, ಎಲ್ಲಿಯೂ ಇಲ್ಲದ ಗೋಪುರವೊಂದನ್ನೋ ಕೊಡುವುದು ಸಂಭವನೀಯ; ನೋಡುವವನಿಗೆ ಅದು ಪರಮಸುಂದರವಾಗಿಯೂ ತೋರಬಹುದು.

ಇಲ್ಲಿ ನ್ಯಾಯವಾದ ಆಕ್ಷೇಪವೊಂದುಂಟು. ಕ್ಯಾಲೆಂಡರಿನ ಚಿತ್ರಕಾರನೂ, ವೃತ್ತದಲ್ಲಿ ನಿಲ್ಲಿಸುವ ಪ್ರತಿಮೆಯ ಶಿಲ್ಪಿಯೂ ಪೂರ್ವಪುರುಷರನ್ನು ಕಲ್ಪನೆಯಿಂದಲೇ ರೂಪಿಸಿದರಲ್ಲವೆ, ಆ ಕಲ್ಪನೆಗಿರುವ ಮನ್ನಣೆ ಈ ಕಲ್ಪನೆಗೇಕಿಲ್ಲ ಎಂದು ಕೇಳಬಹುದು. ಕಲಾವಿದನ ಕಲ್ಪನೆಗೆ ಕರ್ತೃವುಂಟು, ಕಾಲವುಂಟು, ದೇಶವುಂಟು. ಇಂಥ ವರ್ಷ ಇಂಥವನು ರಾಣಿಯನ್ನು ಹೀಗೆ ಭಾವಿಸಿದನೆಂಬುದು ಚರಿತ್ರೆಗೆ ಸಲ್ಲುವ ಸಂಗತಿ. ಆ ಚಿತ್ರವು ರಾಣಿಗೆ ಸಾಕ್ಷಿಯಾಗದಿದ್ದರೂ ತನ್ನ ಕಾಲಕ್ಕೆ ಸಾಕ್ಷಿಯಾಗುತ್ತದೆ. ಹಾಳಾದ ಗುಡಿಯೊಂದರ ರೇಖಾಚಿತ್ರವನ್ನು ಬರೆದವನನ್ನು ಈ ಕಂಬವನ್ನು ಇಲ್ಲಿಟ್ಟುದೇಕೆಂದು ಪ್ರಶ್ನಿಸಿದರೆ ಅವನು ಆಧಾರವನ್ನು ತೋರಿಸಬಲ್ಲನು. ಯಂತ್ರದ ಚಿತ್ರವಾದರೋ ಅಂಥ ಯಾವ ಪ್ರಶ್ನೆಗೂ ಉತ್ತರವನ್ನು ಹೇಳಲಾರದು. ಹಳೆಯ ಛಾಯಾಚಿತ್ರವನ್ನು ಯಂತ್ರದಿಂದ ‘ಸ್ಪಷ್ಟ’ಗೊಳಿಸುವುದಂತೂ ಇನ್ನೂ ಸೂಕ್ಷ್ಮವಾದ ಅಪಾಯ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮಸುಕಾದ ಹಳೆಯ ಚಿತ್ರವೊಂದರಲ್ಲಿ ಕಾರ್ಮಿಕರ ಮುಖಗಳು ಕಾಣದಿದ್ದರೆ, ಯಂತ್ರವು ತನ್ನದೇ ಕಣ್ಣು ಮೂಗುಗಳನ್ನು ಅಲ್ಲಿ ಹಚ್ಚುವುದು. ಮೊಮ್ಮಕ್ಕಳು ಅದನ್ನು ತಮ್ಮ ಅಜ್ಜನ ಮುಖವೆಂದು ನಂಬುವರು.

ಈ ವಿಚಾರದಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರು 2025ರ ಆದಿಯಲ್ಲಿ ಚರ್ಚೆ ನಡೆಸಿ, ಸಂಪೂರ್ಣವಾಗಿ ಯಂತ್ರದಿಂದಲೇ ಹುಟ್ಟಿದ ಚಿತ್ರಗಳನ್ನು ಲೇಖನಗಳಲ್ಲಿ ಬಹುಮಟ್ಟಿಗೆ ಬಳಸಕೂಡದೆಂದು ನಿರ್ಣಯಿಸಿದರು. ಬದುಕಿರುವ ವ್ಯಕ್ತಿಗಳ ವಿಷಯದಲ್ಲಿ ನಿಯಮವು ಇನ್ನಷ್ಟು ಬಿಗಿ. ಕೃತಕ ಬುದ್ಧಿಮತ್ತೆಯನ್ನೇ ಕುರಿತ ಲೇಖನಕ್ಕೆ ಉದಾಹರಣೆಯಾಗಿ ಬೇಕಾದಾಗ, ಅಥವಾ ಅಂಥ ಚಿತ್ರವೇ ಲೋಕದಲ್ಲಿ ಸುದ್ದಿಯಾದಾಗ, ವಿನಾಯಿತಿಯುಂಟು. ಚಿತ್ರಗಳ ಸಾರ್ವಜನಿಕ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ಇವುಗಳನ್ನು ಪೂರ್ಣವಾಗಿ ಹೊರಗಿಟ್ಟಿಲ್ಲ. ಆದರೆ ಭಂಡಾರದಲ್ಲಿ ಇಡುವುದು ಬೇರೆ, ಲೇಖನದ ನೆತ್ತಿಯ ಮೇಲೆ ಇಡುವುದು ಬೇರೆ. ವಿಶ್ವಕೋಶದಲ್ಲಿ ಕಂಡದ್ದು ನಾಳೆ ಪತ್ರಿಕೆಗೂ ಪಠ್ಯಕ್ಕೂ ಹೋಗಿ, ನಾಡಿದ್ದು ಮತ್ತೊಂದು ಯಂತ್ರಕ್ಕೆ ಆಹಾರವಾಗಿ, ಸತ್ಯದ ವೇಷದಲ್ಲಿ ಹಿಂದಿರುಗಿ ಬರುವುದರಿಂದ ಈ ಎಚ್ಚರವು ಅತಿಯಾದುದಲ್ಲ.

ಅಡಿಬರಹದಲ್ಲಿ ‘ಕಾಲ್ಪನಿಕ’ವೆಂದು ಬರೆದರೆ ಸಾಲದೆ ಎಂದರೆ, ಸಾಲದು, ಕಣ್ಣು ಚಿತ್ರವನ್ನು ಮೊದಲು ಓದುತ್ತದೆ, ಅಡಿಬರಹವನ್ನು ಅನೇಕರು ಓದುವುದೇ ಇಲ್ಲ. ಬರಹಕ್ಕಿಂತ ಚಿತ್ರವೇ ನಿಜವಾಗಿರಬೇಕೆಂಬುದಕ್ಕೆ ಶಿವಮೊಗ್ಗದಲ್ಲಿ ತುಂಗೆಯ ದಡದಲ್ಲಿರುವ ‘ಶಿವಪ್ಪನಾಯಕನ ಅರಮನೆ’ ಒಂದು ಪಾಠ. ಹೆಸರು ಕೆಳದಿಯ ದೊರೆ ಶಿವಪ್ಪನಾಯಕನದಾದರೂ, ಮರದ ಕಂಬಗಳ ಆ ಕಟ್ಟಡವು ಅವನ ಅನಂತರದ ಹೈದರಾಲಿಯ ಕಾಲದ್ದೆಂದು ವಿದ್ವಾಂಸರು ಹೇಳುತ್ತಾರೆ. ನಿಜವಾದ ಛಾಯಾಚಿತ್ರವಿದ್ದರೆ ಓದುಗನು ಆ ಕಂಬಗಳನ್ನು ಸ್ವತಃ ನೋಡಿ ವಿಚಾರ ಮಾಡಬಲ್ಲನು. ಯಂತ್ರವು ಕಟ್ಟಿಕೊಟ್ಟ ಅರಮನೆಯಲ್ಲಿ ವಿಚಾರಕ್ಕೆ ಆಸ್ಪದವೇ ಇಲ್ಲ.

ಚಿತ್ರಗಳ ಬಡತನಕ್ಕೆ ನಮ್ಮ ಬಳಿಯಲ್ಲಿಯೇ ಮದ್ದಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಈಗಿನ ರೂಪದ ಮೇರೆಗೆ ಛಾಯಾಚಿತ್ರವೊಂದರ ಹಕ್ಕು ಅದನ್ನು ತೆಗೆದವನ ಮರಣದ 60 ವರ್ಷಗಳ ಅನಂತರ ತೀರುವುದರಿಂದ, ಮನೆಯ ಅಟ್ಟದ ಮೇಲಿರುವ ಹಳೆಯ ಪತ್ರಿಕೆ, ಸ್ಮರಣಸಂಚಿಕೆಗಳಲ್ಲಿ ಎಲ್ಲರಿಗೂ ಸೇರಿದ ಸಾಮಗ್ರಿ ಇರಬಹುದು. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಪ್ರತಿಮೆಗಳ ಚಿತ್ರವನ್ನು ತೆಗೆಯಲು ಅದೇ ಕಾಯಿದೆ ಎಡೆಗೊಟ್ಟಿದೆ. ದಶಕದ ಹಿಂದೆ ತಯಾರಿಕೆ ನಿಂತುಹೋದ ಭದ್ರಾವತಿಯ ಕಾಗದದ ಕಾರ್ಖಾನೆ ಇಂದು ಹೊರಗಿನಿಂದ ಹೇಗೆ ಕಾಣುತ್ತದೆಂಬುದನ್ನು ಇನ್ನು ಐವತ್ತು ವರ್ಷಗಳ ಮೇಲೆ ತಿಳಿಯಬೇಕಾದವರಿಗೆ, ಈ ವಾರ ಅಲ್ಲಿ ಹಾದುಹೋಗುವ ಒಬ್ಬನ ಮೊಬೈಲಿನ ಚಿತ್ರಕ್ಕಿಂತ ಉತ್ತಮವಾದ ಆಧಾರವಿಲ್ಲ.

ಆದುದರಿಂದ ಈ ಊರುಗಳ ಓದುಗರಲ್ಲಿ ಒಂದು ಬಿನ್ನಹ. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸು ಹತ್ತಿದರೆ ಅರ್ಧ ದಿನದಲ್ಲಿ ಹೋಗಿಬರಬಹುದು. ಲಕ್ಷ್ಮೀನರಸಿಂಹನ ಗುಡಿಯನ್ನು ನಾಲ್ಕು ದಿಕ್ಕಿನಿಂದಲೂ ಚಿತ್ರಿಸಿ, ದಿನಾಂಕವನ್ನು ಬರೆದು, ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಒಪ್ಪಿಸಿರಿ. ಚಿತ್ರವು ಸ್ವಲ್ಪ ವಾಲಿದರೂ ಚಿಂತೆಯಿಲ್ಲ. ಚೆನ್ನಮ್ಮಾಜಿಯ ಮುಖದಂತೆ, ಹೋಗಿ ನೋಡಿ ತರಲಾಗದುದು ಇದ್ದಲ್ಲಿ, ಆ ಜಾಗವನ್ನು ಚುಕ್ಕಿಯಿಟ್ಟು ಬಿಡಿರಿ.