ಬೆಂಕಿಗೆ ಹಾಕಿ ತೂಗುವವನು

ಒಡವೆಯಲ್ಲಿ ಚಿನ್ನ ಎಷ್ಟಿದೆ ಎಂದು ಕರಾರುವಾಕ್ಕಾಗಿ ಹೇಳಬೇಕಾದರೆ ಅದರ ಚೂರೊಂದನ್ನು ಸುಡಲೇಬೇಕು. ಒರೆಗಲ್ಲಿನ ಗೆರೆ ಪಳಗಿದ ಕಣ್ಣಿಗೆ ಅಂದಾಜು ಕೊಡುತ್ತದೆ. ಎಕ್ಸ್‌ಆರ್‌ಎಫ್ ಯಂತ್ರ ಒಂದೆರಡು ನಿಮಿಷದಲ್ಲಿ ಅಂಕಿ ತೋರಿಸುತ್ತದೆ. ಆದರೆ ಅದಕ್ಕೆ ಕಾಣುವುದು ಮೇಲ್ಪದರ ಮಾತ್ರ, ಒಳಗೆ ಏನು ತುಂಬಿದ್ದಾರೋ ಅದಕ್ಕೆ ಗೊತ್ತಾಗದು. ತಕರಾರು ಬಂದಾಗ ನಡೆಯುವುದು ಬೆಂಕಿಯ ಮಾತೇ. ಫೈರ್ ಅಸ್ಸೇ ಎಂದು ಕರೆಯುವ ಈ ಕೆಲಸದಲ್ಲಿ ನನ್ನ ಹೈಸ್ಕೂಲು ಸಹಪಾಠಿಯೊಬ್ಬ ಕೂದಲು ಹಣ್ಣು ಮಾಡಿಕೊಂಡಿದ್ದಾನೆ. ಮೊದಲು ಕೋಲಾರ ಚಿನ್ನದ ಗಣಿಯಲ್ಲಿ (ಕೆ.ಜಿ.ಎಫ್.), ಆಮೇಲೆ ಬೆಂಗಳೂರಿನ ನಗರ್ತಪೇಟೆಯಲ್ಲಿ. ಮನೆ ಈಗ ಬಂಗಾರಪೇಟೆಯಲ್ಲಿ.

ನಾವು ಓದಿದ್ದು ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯಲ್ಲಿ, ಎಂಬತ್ತರ ದಶಕದ ಆರಂಭದಲ್ಲಿ. ಅವನ ಅಪ್ಪ ಗಣಿಯೊಳಗೆ ಇಳಿಯುವವರು, ಮನೆ ಚಾಂಪಿಯನ್ ರೀಫ್ಸ್ ಕಡೆಯ ಕಾರ್ಮಿಕರ ಲೈನಿನಲ್ಲಿ. ಮನೆಯಲ್ಲಿ ತಮಿಳು, ಕ್ಲಾಸಿನಲ್ಲಿ ಕನ್ನಡ, ಬೈಗುಳಕ್ಕೆ ತೆಲುಗು. ಕೆ.ಜಿ.ಎಫ್. ಹುಡುಗರಿಗೆ ಇದು ಹೊಸದೇನಲ್ಲ. ಓದಿನಲ್ಲಿ ಅವನು ಮುಂದಿನ ಬೆಂಚಿನವನಲ್ಲ. ಆದರೆ ಲ್ಯಾಬಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ ಇತ್ತು. ನಾವೆಲ್ಲ ತೂಕದ ಬಿಲ್ಲೆಗಳನ್ನು ಬೆರಳಲ್ಲೇ ಎತ್ತಿ ಮೇಷ್ಟ್ರ ಕೈಲಿ ಬೈಸಿಕೊಳ್ಳುವಾಗ ಇವನು ಚಿಮಟದಲ್ಲಿ ಎತ್ತುತ್ತಿದ್ದ, ಪೆಟ್ಟಿಗೆಯ ಬಾಗಿಲು ಮುಚ್ಚಿ ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿಯುತ್ತಿದ್ದ. ಅವಸರವೆಂಬುದು ಅವನ ಮೈಯಲ್ಲೇ ಇರಲಿಲ್ಲ. ಕ್ರಿಕೆಟ್ಟಿನಲ್ಲಿ ಅದು ತಾಪತ್ರಯವಾಗುತ್ತಿತ್ತು, ಬಿಡಿ.

ಗಣಿ ಸೇರಿದಾಗ ಅವನ ಅದೃಷ್ಟಕ್ಕೆ ಕೆಳಗಿಳಿಯುವ ಕೆಲಸ ಬರಲಿಲ್ಲ, ಅಸ್ಸೇ ಆಫೀಸು ಸಿಕ್ಕಿತು. ಆ ಆಫೀಸಿನ ಬಗ್ಗೆ ಊರಲ್ಲಿ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳ, ಅಲ್ಲಿಯ ಬಿಸಿ, ಒಳಗೆ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದಾಗ ಮನೆಯ ಪಾತ್ರೆ ಅಲುಗಾಡಿದ್ದು, ಊರಿನ ಕಥೆಗಳೆಲ್ಲ ಇಂಥವೇ. ಆದರೆ ಆ ಆಳದಲ್ಲಿ ಎಡಕ್ಕೆ ಅಗೆಯಬೇಕೋ ಬಲಕ್ಕೋ ಎಂಬುದು ನಿರ್ಧಾರವಾಗುತ್ತಿದ್ದದ್ದು ಮೇಲಿನ ಈ ಆಫೀಸಿನ ಅಂಕಿಯ ಮೇಲೆ.

ರೀಫಿನ, ಅಂದರೆ ಚಿನ್ನವಿರುವ ಕಲ್ಲಿನ ಪದರದ, ಅಡ್ಡಕ್ಕೆ ಉಳಿಯಲ್ಲಿ ಕೆತ್ತಿದ ಚೂರು ಚೀಲದಲ್ಲಿ ಬರುತ್ತಿತ್ತು. ಅದನ್ನು ಜಜ್ಜಿ, ಅರೆದು, ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ ಮಾಡಬೇಕು. ರಾಶಿ ಹಾಕಿ, ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಬೇಕು. ಮತ್ತೆ ರಾಶಿ, ಮತ್ತೆ ನಾಲ್ಕು ಪಾಲು. ಹೀಗೆ ಮಾಡುತ್ತಾ ಚೀಲದಷ್ಟು ಕಲ್ಲು ಮೂವತ್ತು ಗ್ರಾಮಿನಷ್ಟು ಪುಡಿಗೆ ಇಳಿಯುತ್ತದೆ. ಆ ಪುಡಿ ಇಡೀ ಚೀಲದ ಪರವಾಗಿ ಸಾಕ್ಷಿ ಹೇಳಬೇಕು. ಇಲ್ಲಿ ಕೈ ತಪ್ಪಿದರೆ ಮುಂದೆ ಎಂಥ ತಕ್ಕಡಿ ತಂದರೂ ಪ್ರಯೋಜನವಿಲ್ಲ.

ಈಗ ಮೂಸೆ. ಪುಡಿಗೆ ಸೀಸದ ಆಕ್ಸೈಡಾದ ಲಿಥಾರ್ಜ್, ಸೋಡಾ, ಬಿಳಿಗಾರ ಬೆರೆಸುತ್ತಾರೆ. ಜತೆಗೆ ಸ್ವಲ್ಪ ಗೋಧಿ ಹಿಟ್ಟು! ನಾನು ಮೊದಲು ಕೇಳಿದಾಗ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಹಿಟ್ಟು ಸುಟ್ಟು ಇದ್ದಿಲಾಗಿ ಲಿಥಾರ್ಜಿನ ಒಂದು ಪಾಲನ್ನು ಮತ್ತೆ ಸೀಸ ಮಾಡುತ್ತದೆ. ಕರಗಿದ ಕಲ್ಲಿನ ಉದ್ದಕ್ಕೂ ಆ ಸೀಸದ ಸಣ್ಣ ಹನಿಗಳು ಜಡಿಮಳೆಯ ಹಾಗೆ ಇಳಿಯುತ್ತವೆ, ದಾರಿಯಲ್ಲಿ ಸಿಕ್ಕ ಚಿನ್ನ ಬೆಳ್ಳಿಯನ್ನೆಲ್ಲ ತಮ್ಮೊಳಗೆ ಎಳೆದುಕೊಂಡು ತಳ ಸೇರುತ್ತವೆ. ಅಚ್ಚಿಗೆ ಸುರಿದು ಆರಿಸಿ, ಮೇಲಿನ ಗಾಜಿನಂಥ ಕಿಟ್ಟವನ್ನು ಸುತ್ತಿಗೆಯಿಂದ ಒಡೆದರೆ ತಳದಲ್ಲಿ ಸೀಸದ ಒಂದು ಗುಂಡು. ಚಿನ್ನ ಅದರೊಳಗಿದೆ. ಸೀಸವನ್ನು ಉರಿಸಿ ಕಳೆದು, ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ ತೆಗೆದರೆ ಉಳಿಯುವುದು ಕಂಡೂ ಕಾಣದ ಚುಕ್ಕೆ. ಟನ್ನಿಗೆ ನಾಲ್ಕು ಗ್ರಾಂ ಚಿನ್ನವಿರುವ ಕಲ್ಲಾದರೆ ಮೂವತ್ತು ಗ್ರಾಂ ಪುಡಿಯಲ್ಲಿ ಸಿಗುವುದು 0.12 ಮಿಲಿಗ್ರಾಂ. ಅದನ್ನು ತೂಗಬೇಕು.

ಬ್ರಿಟಿಷ್ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಇಲ್ಲಿಗೆ ಕಾಲಿಟ್ಟ ನಂತರದ ಮೊದಲ ದಶಕಗಳಲ್ಲಿ ಟನ್ನಿಗೆ ನಲವತ್ತು ಗ್ರಾಮಿಗೂ ಹೆಚ್ಚು ಸಿಕ್ಕಿದ್ದುಂಟು. ನನ್ನ ಗೆಳೆಯ ತೂಗುವ ಹೊತ್ತಿಗೆ ಮೂರು, ನಾಲ್ಕು. ಗಣಿ ಮುಚ್ಚುವ ಸುದ್ದಿ ಪೇಪರಿನಲ್ಲಿ, ಯೂನಿಯನ್ ಮೀಟಿಂಗಿನಲ್ಲಿ, ದೆಹಲಿಯಲ್ಲಿ ಚರ್ಚೆಯಾಗುತ್ತಿದ್ದಾಗ ಅವನು ಅದನ್ನು ದಿನವೂ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. 2001ರ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಆಡಳಿತದ ತಪ್ಪುಗಳ ಬಗ್ಗೆ ಊರಿನಲ್ಲಿ ಹೇಳುವುದರಲ್ಲಿ ಸತ್ಯವಿದೆ ಎಂದೇ ನನಗೂ ಅನಿಸುತ್ತದೆ. ಅವನು ಮಾತ್ರ ಆ ವಾದಕ್ಕೆ ಇಳಿಯುವುದಿಲ್ಲ. ‘ಕಲ್ಲಲ್ಲಿ ಇದ್ದಷ್ಟು ಬರೆದಿದ್ದೀನಿ ಮಚ್ಚಾ’ ಅನ್ನುತ್ತಾನೆ, ಅಷ್ಟೇ.

ಆಮೇಲಿನ ಕೆಲವು ವರ್ಷಗಳನ್ನು ಅವನು ಬೇಗ ಹೇಳಿ ಮುಗಿಸುತ್ತಾನೆ. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ಕಡೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಸಾಲಿಗೆ ಅವನೂ ಸೇರಿದ. 1894ರಲ್ಲಿ ಗಣಿಗೋಸ್ಕರ ಹಾಕಿದ ಆ ಹಳಿಯೇ ಗಣಿ ಹೋದ ಮೇಲೆ ಊರಿನ ಅನ್ನದ ದಾರಿಯಾಯಿತು. ಸೆಕ್ಯುರಿಟಿ ಕೆಲಸ, ಗೋಡೌನಿನ ಲೆಕ್ಕ. ಅಷ್ಟರಲ್ಲಿ ಒಡವೆಗೆ ಹಾಲ್‌ಮಾರ್ಕ್ ಹಾಕುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಯೋಜನೆ 2000ದಲ್ಲಿ ಶುರುವಾಗಿತ್ತು, ಮೆಲ್ಲಗೆ ಕೇಂದ್ರಗಳು ತೆರೆಯುತ್ತಿದ್ದವು. ಅಲ್ಲಿ ಬೇಕಾಗಿದ್ದದ್ದು ಬೆಂಕಿಯ ಮುಂದೆ ಕೂತು ಬೇಸರಪಡದ ಮನುಷ್ಯ. ಯಾರೋ ಹಳೇ ಸಹೋದ್ಯೋಗಿ ಹೇಳಿ ಕಳಿಸಿದರು. ಮನೆಯನ್ನು ಬಂಗಾರಪೇಟೆಗೆ ಬದಲಾಯಿಸಿದ. ರೈಲು ಅಲ್ಲಿ ಹೆಚ್ಚು.

ನಗರ್ತಪೇಟೆಯ ಹಾಲ್‌ಮಾರ್ಕ್ ಕೇಂದ್ರದ ಕೆಲಸ ಮೇಲ್ನೋಟಕ್ಕೆ ತಿರುಗುಮುರುಗು. ಗಣಿಯಲ್ಲಿ ಕಲ್ಲಿನೊಳಗೆ ಚಿನ್ನ ಹುಡುಕುತ್ತಿದ್ದವನು ಇಲ್ಲಿ ಚಿನ್ನದೊಳಗೆ ಚಿನ್ನವಲ್ಲದ್ದನ್ನು ಹುಡುಕುತ್ತಾನೆ. ಒಮ್ಮೆ ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ಬಳೆಯಿಂದ ಕೆರೆದ ಚೂರು ಸುಮಾರು 250 ಮಿಲಿಗ್ರಾಂ. 22 ಕ್ಯಾರೆಟ್, ಅಂದರೆ ಸಾವಿರಕ್ಕೆ 916 ಎಂದು ಅಂಗಡಿಯವರ ಹೇಳಿಕೆ. ಅದಕ್ಕೆ ಅವನು ಚಿನ್ನದ ಎರಡೂವರೆ ಪಟ್ಟು ಬೆಳ್ಳಿ ಸೇರಿಸಿದ. ಚಿನ್ನದ ಶುದ್ಧಿ ನೋಡುವಾಗ ಅದಕ್ಕೆ ಇನ್ನಷ್ಟು ಬೆರಕೆ ಯಾಕೆ? ಚಿನ್ನ ಹೆಚ್ಚಿದ್ದರೆ ಆಮ್ಲಕ್ಕೆ ಒಳಗಿನ ಬೆಳ್ಳಿ ಮುಟ್ಟಲಾಗುವುದಿಲ್ಲ. ಬೆಳ್ಳಿ ಅತಿಯಾದರೆ ಚಿನ್ನ ಪುಡಿಪುಡಿಯಾಗಿ ತೊಳೆದುಹೋಗುತ್ತದೆ. ಆ ನಡುವಿನ ಅಳತೆ ಇದು. ಎಲ್ಲವನ್ನೂ ಸೀಸದ ತೆಳು ಹಾಳೆಯಲ್ಲಿ ಸುತ್ತಿ, ಅಂಚು ಮಡಿಸಿ, ಇಕ್ಕಳದಿಂದ ಒತ್ತಿ ಗುಂಡು ಮಾಡಿದ. ಒಂದೇ ಒಡವೆಗೆ ಇಂಥವು ಎರಡು. ಜತೆಗೆ ಅಪ್ಪಟ ಚಿನ್ನದ ಇನ್ನೊಂದು, ಕುಲುಮೆ ಅವತ್ತು ಎಷ್ಟು ತಿಂದಿತು ಎಂದು ಗೊತ್ತಾಗಲು.

ಕುಲುಮೆಯ ಸಾವಿರ ಡಿಗ್ರಿ ದಾಟಿದ ಬಿಸಿಯಲ್ಲಿ ಸಣ್ಣ ಬಟ್ಟಲುಗಳು ಕೆಂಪಗೆ ಕಾದಿರುತ್ತವೆ. ಇವಕ್ಕೆ ಕ್ಯೂಪಲ್ ಎನ್ನುತ್ತಾರೆ. ಹಿಂದೆ ಮೂಳೆಯ ಬೂದಿಯಲ್ಲಿ ಮಾಡುತ್ತಿದ್ದರು, ಈಗ ಮ್ಯಾಗ್ನೀಸಿಯಾದ್ದೂ ಬರುತ್ತದೆ. ಈ ಬಟ್ಟಲಿನ ಗುಣವೇ ಗುಣ. ಉರಿದ ಸೀಸವನ್ನೂ ಅದರ ಜತೆ ತಾಮ್ರದಂಥ ಬೆರಕೆಯನ್ನೂ ಹೀರಿಕೊಳ್ಳುತ್ತದೆ, ಚಿನ್ನ ಬೆಳ್ಳಿಯನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಗುಂಡು ಕರಗಿ ಬಟ್ಟಲಿನಲ್ಲಿ ನಿಧಾನವಾಗಿ ಕುಗ್ಗುತ್ತಾ ಬರುತ್ತದೆ. ಕೊನೆಗೆ ಮಣಿಯ ಮೈಮೇಲೆ ಬಣ್ಣಗಳು ಓಡಾಡತೊಡಗಿದವು, ನೀಲಿ, ನೇರಳೆ, ಹಸಿರು, ಒಂದರ ಹಿಂದೊಂದು. ‘ನೋಡು ನೋಡು’ ಅಂದ. ಬಣ್ಣ ಮಾಯವಾಗಿ ಮಣಿ ಮಂಕಾಯಿತು. ಇನ್ನೇನು ತೆಗೆಯಬೇಕು ಅನ್ನುವಾಗ ಅವನು ತೆಗೆಯಲಿಲ್ಲ, ಇಕ್ಕಳದಲ್ಲಿ ಬಟ್ಟಲನ್ನು ಕುಲುಮೆಯ ಬಾಯಿಯ ಹತ್ತಿರಕ್ಕೆ ಅಷ್ಟಷ್ಟೇ ಎಳೆದ. ಕರಗಿದ ಬೆಳ್ಳಿ ಗಾಳಿಯ ಆಮ್ಲಜನಕ ಕುಡಿದಿರುತ್ತದೆ. ತಟ್ಟನೆ ಆರಿದರೆ ಅದನ್ನು ಉಗುಳುತ್ತದೆ, ಉಗುಳುವಾಗ ಚಿನ್ನದ ಕಣವೂ ಹಾರುತ್ತದೆ. ಹಾರಿತೋ, ಆ ಚೂರಿನ ಲೆಕ್ಕ ಮುಗಿಯಿತು, ಮತ್ತೆ ಮೊದಲಿಂದ. ಹೊಸ ಹುಡುಗರು ಎಡವುವುದು ಇಲ್ಲೇ ಅಂತೆ. ಮಣಿ ಒಮ್ಮೆ ಫಳ್ಳೆಂದು ಮಿಂಚಿ ಗಟ್ಟಿಯಾದ ಮೇಲೆಯೇ ಅವನು ಹೊರಗೆ ತೆಗೆದದ್ದು.

ಮುಂದೆ ಬ್ರಷ್ಷಿನಲ್ಲಿ ಉಜ್ಜಿ, ಸುತ್ತಿಗೆಯಲ್ಲಿ ತಟ್ಟಿ, ಕಾಯಿಸಿ, ರೋಲರಿಗೆ ಕೊಟ್ಟು ತೆಳುವಾದ ಪಟ್ಟಿ ಮಾಡಿ, ಪೆನ್ಸಿಲ್ಲಿಗೆ ಸುತ್ತಿದಂತೆ ಸುರುಳಿ ಸುತ್ತುತ್ತಾನೆ. ನೈಟ್ರಿಕ್ ಆಮ್ಲದಲ್ಲಿ ಎರಡು ಸಲ ಕುದಿ. ಬೆಳ್ಳಿಯೆಲ್ಲ ಕರಗಿ ಹೊರಟುಹೋಗುತ್ತದೆ, ಸುರುಳಿ ಮಾತ್ರ ಅದೇ ಆಕಾರದಲ್ಲಿ ನಿಂತಿರುತ್ತದೆ. ಈಗ ಅದರ ಬಣ್ಣ ಮಣ್ಣುಕಂದು, ಮುಟ್ಟಿದರೆ ಉದುರುವಷ್ಟು ಬಡಕಲು. ರಸ್ತೆಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳುವುದಿಲ್ಲ. ತೊಳೆದು ಒಣಗಿಸಿ ಪಿಂಗಾಣಿ ಬಟ್ಟಲಿನಲ್ಲಿ ಮತ್ತೆ ಕೆಂಪಗೆ ಕಾಯಿಸಿದರೆ ಮಾತ್ರ ಚಿನ್ನ ಚಿನ್ನದ ಬಣ್ಣಕ್ಕೆ ಬರುತ್ತದೆ, ಸುರುಳಿ ಸ್ವಲ್ಪ ಕುಗ್ಗಿ ಗಟ್ಟಿಯಾಗುತ್ತದೆ. ಕೊನೆಗೆ ತಕ್ಕಡಿ. ಅದೂ ಗಾಜಿನ ಪೆಟ್ಟಿಗೆಯೊಳಗಿನದು, ಮಿಲಿಗ್ರಾಮಿನ ನೂರನೇ ಪಾಲಿಗಿಂತಲೂ ಸೂಕ್ಷ್ಮ. ಎರಡು ಸುರುಳಿಗಳ ತೂಕ ಒಂದಕ್ಕೊಂದು ಹೊಂದಬೇಕು, ಅಪ್ಪಟ ಚಿನ್ನದ ಸುರುಳಿ ಕಳೆದುಕೊಂಡದ್ದನ್ನು ಲೆಕ್ಕಕ್ಕೆ ಸೇರಿಸಬೇಕು. ಆ ಬಳೆ 916ಕ್ಕೆ ತುಸು ಕಡಿಮೆ ಬಂತು. ಅಂಗಡಿಯವರಿಗೆ ವಾಪಸು.

ಇಂಥ ದಿನ ಫೋನುಗಳು ಬರುತ್ತವೆ, ನಯವಾದವು, ನಯವಲ್ಲದವು. 2021ರ ಜೂನ್ 16ರಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾದ ಮೇಲೆ, ಪ್ರತಿ ಒಡವೆಗೂ ಆರು ಅಕ್ಷರ-ಅಂಕಿಗಳ ಗುರುತು ಬಂದ ಮೇಲೆ, ಬುಟ್ಟಿಗಳು ರಾಶಿಯಾಗಿ ಬರುತ್ತವೆ, ಸಮಯ ಅಷ್ಟೇ ಇರುತ್ತದೆ. ಕೊಳ್ಳುವವರು ಗುರುತು ನೋಡಿ ನಂಬುತ್ತಾರೆ. ಅದರ ಹಿಂದೆ ಸೀಸದ ಹೊಗೆ ಹೀರುವ ಫ್ಯಾನಿನ ಕೆಳಗೆ ನಿಂತ ಒಬ್ಬ ಮನುಷ್ಯ ಇದ್ದಾನೆಂದು ಯಾರಿಗೂ ಹೊಳೆಯುವುದಿಲ್ಲ. ಅವನಿಗೆ ಸಿಗುವ ಸಂಬಳ ಆ ನಂಬಿಕೆಯ ಬೆಲೆಗೆ ತಕ್ಕದ್ದಲ್ಲ ಎಂದು ನಾನು ಹೇಳುತ್ತೇನೆ. ಅವನು ಹೇಳುವುದಿಲ್ಲ.

ಈಚೆಗೆ ಬಂಗಾರಪೇಟೆಯಲ್ಲಿ, ನೀರಿನಷ್ಟೇ ತಿಳಿಯಾಗಿದ್ದು ನೆತ್ತಿಗೇರುವ ಅಲ್ಲಿಯ ಪಾನಿಪುರಿ ತಿನ್ನುತ್ತಾ, ಕೆ.ಜಿ.ಎಫ್.ನಲ್ಲಿ ಚಿನ್ನ ತೆಗೆದು ಸುರಿದ ಪುಡಿಗಲ್ಲಿನ ಸೈನೈಡ್ ದಿಬ್ಬಗಳ ಮಾತು ತೆಗೆದೆ. ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ನಾವು ಆಟದ ದಿನಗಳಲ್ಲಿ ಜಾರುತ್ತಿದ್ದ ದಿಬ್ಬಗಳು ಅವು. ‘ಅದರಲ್ಲಿ ನಿಜವಾಗಲೂ ಏನಾದರೂ ಇದೆಯೇನೋ?’ ಎಂದೆ. ಅವನು ಪುರಿ ಬಾಯಿಗೆ ಹಾಕಿಕೊಂಡು, ಅಗಿದು ಮುಗಿಸಿ, ಕಣ್ಣೊರೆಸಿಕೊಂಡ. ‘ಮೇಲಿಂದ ಒಂದು ಬೊಗಸೆ ತಂದುಕೊಟ್ಟು ಕೇಳಬೇಡ. ಮಳೆ ಬಿದ್ದು ಬಿದ್ದು ಮೇಲಿನದು ಸುಳ್ಳು ಹೇಳುತ್ತೆ. ಬೋರ್ ಹಾಕಿ ಅಡಿಯ ತನಕ ತೆಗೀಬೇಕು, ಮೀಟರು ಮೀಟರಿಗೂ ಬೇರೆ ಚೀಲ. ಚಿನ್ನ ಕಡಿಮೆ ಇರೋ ಕಡೆ ಮೂವತ್ತು ಗ್ರಾಂ ಸಾಲದು, ಐವತ್ತಾದರೂ ಹಾಕಬೇಕು. ಚೀಲದ ಮೇಲೆ ಯಾವ ದಿಬ್ಬ ಅಂತ ಬರೆಯೋದು ಮರೀಬೇಡ್ರೋ ಅಂತ ಹೇಳು ಅವರಿಗೆ.’