ಪ್ರಭೆಯಲ್ಲಿ ಪಟ್ಟಿ ಬೀಳದಿರಲಿ

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಪತ್ತನಾಜೆಯವರೆಗೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಗಳ ಕಡೆ ಬಯಲಾಟಗಳಿಗೆ ಬಿಡುವಿಲ್ಲ. ಅದರೊಂದಿಗೆ ಭೂತಕೋಲ, ತೆಯ್ಯಂ, ದೇವಸ್ಥಾನಗಳ ಉತ್ಸವ, ಶಾಲಾ ವಾರ್ಷಿಕೋತ್ಸವ. ಇವು ಬಹುಮಟ್ಟಿಗೆ ಇರುಳಿನ ಕಾರ್ಯಕ್ರಮಗಳು. ಇವುಗಳ ಛಾಯಾಚಿತ್ರ ತೆಗೆಯುವವರು ಈಗ ಸ್ಟುಡಿಯೋದವರು ಮಾತ್ರವಲ್ಲ, ಮೊಬೈಲ್ ಇದ್ದವರೆಲ್ಲರೂ ಛಾಯಾಗ್ರಾಹಕರೇ. ತೆಗೆದ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಕಿರೀಟದ ಹಿಂದೆ ಒಂದು ಪ್ರಭೆ, ದೀಪದ ಸುತ್ತ ಒಂದಿಷ್ಟು ಹೊಂಬೆಳಕು ಕೂಡಿಸಿ, ಕರಪತ್ರಕ್ಕೋ ಫ್ಲೆಕ್ಸಿಗೋ ಸ್ಮರಣ ಸಂಚಿಕೆಯ ಮುಖಪುಟಕ್ಕೋ ಕೊಡುವುದು ರೂಢಿಯಾಗಿದೆ.

ಆದರೆ ಅಚ್ಚಾಗಿ ಬಂದಾಗ ಎಷ್ಟೋ ಸಲ ಆ ಪ್ರಭೆ ಪ್ರಭೆಯಾಗಿ ಉಳಿದಿರುವುದಿಲ್ಲ. ಮರದ ದಿಮ್ಮಿಯನ್ನು ಅಡ್ಡಕ್ಕೆ ಕೊಯ್ದಾಗ ಕಾಣುವ ಉಂಗುರಗಳಂತೆ ದೀಪದ ಸುತ್ತ ಬಳೆಬಳೆಯಾಗಿ ಗೆರೆಗಳು ಮೂಡಿರುತ್ತವೆ. ಬಲ್ಲವರು ಇದನ್ನು ಬ್ಯಾಂಡಿಂಗ್ ಎನ್ನುತ್ತಾರೆ. ನಾವು ಪಟ್ಟಿ ಬೀಳುವುದು ಎನ್ನೋಣ. ಮಂದಿ ಅಚ್ಚುಕೂಟದವರನ್ನು ದೂರುತ್ತಾರೆ. ತಪ್ಪು ಹೆಚ್ಚಿನ ಸಲ ಅಲ್ಲಿರುವುದಿಲ್ಲ. ಚಿತ್ರವನ್ನು ಸಿದ್ಧಪಡಿಸಿದ ಕ್ರಮದಲ್ಲಿರುತ್ತದೆ.

ಪಟ್ಟಿ ಏಕೆ ಬೀಳುತ್ತದೆ?

ನಿಜವಾದ ಬೆಳಕು ಇಳಿಜಾರಿನಂತೆ ಕುಗ್ಗುತ್ತ ಹೋಗುತ್ತದೆ. ಕಂಪ್ಯೂಟರಿನ ಚಿತ್ರದಲ್ಲಿ ಇಳಿಜಾರಿಲ್ಲ, ಮೆಟ್ಟಿಲುಗಳಿವೆ. ಸಾಮಾನ್ಯ ಜೆಪೆಗ್ ಚಿತ್ರ 8 ಬಿಟ್‌ನದು. ಅಂದರೆ ಕೆಂಪು, ಹಸುರು, ನೀಲಿ ಈ ಮೂರು ಬಣ್ಣಗಳಲ್ಲಿ ಒಂದೊಂದಕ್ಕೂ ಕಪ್ಪಿನಿಂದ ಪೂರ್ಣ ಪ್ರಕಾಶದವರೆಗೆ 256 ಮೆಟ್ಟಿಲುಗಳು. ಮೂರೂ ಸೇರಿ ಒಂದು ಕೋಟಿ ಅರುವತ್ತೇಳು ಲಕ್ಷಕ್ಕೂ ಮೀರಿದ ಬಣ್ಣಗಳಾಗುತ್ತವೆ. ಇಷ್ಟಿದ್ದೂ ಸಾಲದೇ ಎಂದು ಕೇಳಬಹುದು. ಹಗಲಿನ ಚಿತ್ರಕ್ಕೆ ಸಾಕು. ಇರುಳಿನ ಚಿತ್ರದ ಲೆಕ್ಕ ಬೇರೆ.

ಒಂದು ಉದಾಹರಣೆ ನೋಡೋಣ. ಚಿತ್ರದ ಅಗಲ 4000 ಪಿಕ್ಸೆಲ್ ಎಂದಿಟ್ಟುಕೊಳ್ಳಿ. ದೀಪದ ಸುತ್ತಲಿನ ಬೆಳಕು 40ನೆಯ ಮೆಟ್ಟಿಲಿನಿಂದ 10ನೆಯದಕ್ಕೆ 1500 ಪಿಕ್ಸೆಲ್ ದೂರದಲ್ಲಿ ಇಳಿಯಬೇಕು. ಇರುವುದು 30 ಮೆಟ್ಟಿಲು. ಹಾಗಾಗಿ ಒಂದೊಂದು ಮೆಟ್ಟಿಲು 50 ಪಿಕ್ಸೆಲ್ ಅಗಲ. ಇದೇ ಚಿತ್ರವನ್ನು ಎಂಟು ಅಡಿ ಅಗಲದ ಫ್ಲೆಕ್ಸಿಗೆ ಹಿಗ್ಗಿಸಿದರೆ ಒಂದೊಂದು ಪಟ್ಟಿ ಸುಮಾರು ಒಂದೂಕಾಲು ಅಂಗುಲವಾಗುತ್ತದೆ! ಕತ್ತಲೆ ಹೆಚ್ಚಾಯಿತೆಂದು ಚಿತ್ರವನ್ನು ನಾಲ್ಕು ಪಟ್ಟು ಬೆಳಗಿಸಿದರಂತೂ ಕೇಳುವುದೇ ಬೇಡ. 10ರಿಂದ 40ರವರೆಗಿನ ಮೆಟ್ಟಿಲುಗಳು 40ರಿಂದ 160ಕ್ಕೆ ಹರಡಿಕೊಳ್ಳುತ್ತವೆ, ಆದರೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಒಂದೊಂದರ ಎತ್ತರ ಮಾತ್ರ ಹೆಚ್ಚುತ್ತದೆ. ಮೂರು ಬಣ್ಣಗಳೂ ಒಂದೇ ಜಾಗದಲ್ಲಿ ಮೆಟ್ಟಿಲಿಳಿಯದಿದ್ದರೆ ಪಟ್ಟಿಗಳಿಗೆ ಹಸುರು, ನಸುಗೆಂಪಿನ ಛಾಯೆಯೂ ತಗಲುತ್ತದೆ.

ಇದರಲ್ಲಿ ನಮ್ಮ ಕಣ್ಣಿನ ಪಾಲೂ ಇದೆ. ಬೆಳಕಿನ ಪ್ರಮಾಣ ಬದಲಾಗುವ ಅಂಚನ್ನು ಕಣ್ಣು ಇದ್ದುದಕ್ಕಿಂತ ಎದ್ದುಕಾಣುವಂತೆ ಗ್ರಹಿಸುತ್ತದೆ. ಆಸ್ಟ್ರಿಯದ ವಿಜ್ಞಾನಿ ಅರ್ನ್‌ಸ್ಟ್ ಮಾಖ್ 1865ರಲ್ಲೇ ಇದನ್ನು ವಿವರಿಸಿದ್ದರು. ಆದ್ದರಿಂದ ಅತ್ಯಲ್ಪ ವ್ಯತ್ಯಾಸವೂ ಗೆರೆಯಾಗಿ ಕಾಣುತ್ತದೆ.

ಹಳೆಯ ಫಿಲ್ಮಿನಲ್ಲಿ ಏಕೆ ಇರಲಿಲ್ಲ?

ಫಿಲ್ಮಿನ ಕಾಲದ ಚಿತ್ರಗಳಲ್ಲಿ ಈ ತೊಂದರೆ ಇರಲಿಲ್ಲ. ಬೆಳ್ಳಿಯ ಲವಣದ ಕಣಗಳು ಫಿಲ್ಮಿನ ಮೇಲೆ ಕ್ರಮವಿಲ್ಲದೆ ಹರಡಿಕೊಂಡಿದ್ದುದರಿಂದ ಬೆಳಕು ಕತ್ತಲೆಗಳ ನಡುವೆ ನೇರವಾದ ಗಡಿ ಬೀಳಲು ಅವಕಾಶವೇ ಇರಲಿಲ್ಲ. ಕಂಪ್ಯೂಟರಿನ ಚಿತ್ರಕ್ಕೂ ಇದೇ ಉಪಾಯ ಸಲ್ಲುತ್ತದೆ. ಅಮೆರಿಕದ ಎಂಐಟಿಯಲ್ಲಿದ್ದ ಲಾರೆನ್ಸ್ ರಾಬರ್ಟ್ಸ್ ಅವರು, ಚಿತ್ರವನ್ನು ಮೆಟ್ಟಿಲುಗಳಾಗಿ ವಿಂಗಡಿಸುವ ಮೊದಲು ಅದಕ್ಕೆ ಕ್ರಮವಿಲ್ಲದ ಚಿಕ್ಕ ಏರುಪೇರನ್ನು ಬೆರೆಸಿದರೆ ಪಟ್ಟಿಗಳು ಮರೆಯಾಗುತ್ತವೆಂದು 1962ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿದರು. ಇಂಟರ್‌ನೆಟ್‌ಗೆ ಮೂಲವಾದ ಅರ್ಪಾನೆಟ್ ಜಾಲವನ್ನು ಮುಂದೆ ರೂಪಿಸಿದವರೂ ಇವರೇ. ಹೀಗೆ ಕಣ ಬೆರೆಸುವುದಕ್ಕೆ ಡಿದರಿಂಗ್ ಎಂದು ಹೆಸರು.

ಮಾಡಬೇಕಾದುದೇನು?

ಮೊದಲನೆಯದಾಗಿ, ಚಿತ್ರ ತೆಗೆಯುವಾಗಲೇ ಎಚ್ಚರ ಬೇಕು. ಕ್ಯಾಮರಾದಲ್ಲಿ ರಾ ಎಂಬ ಆಯ್ಕೆ ಇದ್ದರೆ ಅದನ್ನೇ ಬಳಸಿರಿ. ಅದು ಸಾಮಾನ್ಯವಾಗಿ 12 ಅಥವಾ 14 ಬಿಟ್‌ನದು. 12 ಬಿಟ್ ಎಂದರೆ 4096 ಮೆಟ್ಟಿಲು, 14 ಬಿಟ್ ಎಂದರೆ 16,384. ಈಗ ಹಲವು ಮೊಬೈಲುಗಳಲ್ಲೂ ಈ ಸೌಲಭ್ಯವಿದೆ.

ಎರಡನೆಯದಾಗಿ, ಚಿತ್ರವನ್ನು ತೆರೆದ ಕೂಡಲೆ, ಬೇರಾವ ಕೆಲಸಕ್ಕೂ ಕೈಹಾಕುವ ಮುನ್ನ, 16 ಬಿಟ್‌ಗೆ ಬದಲಾಯಿಸಿರಿ. ಫೋಟೋಶಾಪಿನಲ್ಲಿ ಇಮೇಜ್ ಪಟ್ಟಿಯ ಮೋಡ್‌ನಲ್ಲಿ ಇದು ಸಿಗುತ್ತದೆ. ಹಣ ಕೊಡದೆ ದೊರೆಯುವ ಗಿಂಪ್ ತಂತ್ರಾಂಶದಲ್ಲಿ 2018ರ 2.10ನೆಯ ಆವೃತ್ತಿಯಿಂದ ಇಮೇಜ್ ಪಟ್ಟಿಯ ಪ್ರಿಸಿಷನ್ ಎಂಬಲ್ಲಿದೆ. ಇದರಿಂದ ಹಳೆಯ ಜೆಪೆಗ್‌ನಲ್ಲಿ ಕಳೆದುಹೋದ ಮೆಟ್ಟಿಲುಗಳು ಮರಳಿ ಬರುವುದಿಲ್ಲ ನಿಜ. ಆದರೆ ನೀವು ಹೊಸದಾಗಿ ಕೂಡಿಸುವ ಬೆಳಕಿಗೆ ಬೇಕಾದಷ್ಟು ಮೆಟ್ಟಿಲು ಸಿಗುತ್ತದೆ.

ಮೂರನೆಯದಾಗಿ, ಬೆಳಕನ್ನು ಮೂಲಚಿತ್ರದ ಮೇಲೆಯೇ ಬಳಿಯದೆ ಬೇರೊಂದು ಲೇಯರಿನಲ್ಲಿ ಹಾಕಿರಿ. ಸಿದ್ಧ ಬೆಳಕಿನ ಫಿಲ್ಟರುಗಳಲ್ಲಿ ಕೆಲವು 8 ಬಿಟ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅವುಗಳಿಗಾಗಿ ಇಡೀ ಚಿತ್ರವನ್ನು ಕೆಳಗಿಳಿಸುವುದಕ್ಕಿಂತ ಗ್ರೇಡಿಯೆಂಟ್ ಉಪಕರಣದಿಂದಲೋ ಮೆತ್ತಗಿನ ದೊಡ್ಡ ಕುಂಚದಿಂದಲೋ ಪ್ರಭೆಯನ್ನು ನಾವೇ ರಚಿಸುವುದು ಲೇಸು. ಗ್ರೇಡಿಯೆಂಟಿನ ಆಯ್ಕೆಗಳಲ್ಲಿ ಡಿದರ್ ಎಂಬಲ್ಲಿ ಗುರುತು ಹಾಕಲು ಮರೆಯಬಾರದು.

ನಾಲ್ಕನೆಯದಾಗಿ, ಕಣ ಬೆರೆಸುವ ಕೆಲಸ. ನಾಯ್ಸ್ ಎಂಬ ಫಿಲ್ಟರಿನಿಂದ ಶೇಕಡಾ ಒಂದೆರಡರಷ್ಟು, ಬಣ್ಣವಿಲ್ಲದ ಕಣಗಳನ್ನು ಪ್ರಭೆಯ ಭಾಗಕ್ಕೆ ಬೆರೆಸಿದರೆ ಬಹುಮಟ್ಟಿಗೆ ಸಾಕು. ಸಾರಿಗೆ ಉಪ್ಪು ಹಾಕಿದಂತೆ ಇದು: ಕಡಿಮೆಯಾದರೆ ಪಟ್ಟಿ ಉಳಿಯುತ್ತದೆ, ಹೆಚ್ಚಾದರೆ ಮರಳು ಚೆಲ್ಲಿದಂತಾಗುತ್ತದೆ. ಈ ಕೆಲಸ ಕೊನೆಯಲ್ಲೇ ಆಗಬೇಕು. ಮೊದಲು ಕಣ ಬೆರೆಸಿ ಆಮೇಲೆ ಮಸುಕುಗೊಳಿಸಿದರೆ ಕಣಗಳು ಅಳಿಸಿಹೋಗಿ ಪಟ್ಟಿ ಮರಳಿ ಬರುತ್ತದೆ. ಕಣ ಬೆರೆಸಿದ ಬಳಿಕವೇ 8 ಬಿಟ್‌ಗೆ ಇಳಿಸಬೇಕು.

ಪರೀಕ್ಷೆ ಮತ್ತು ರವಾನೆ

ಪರದೆಯಲ್ಲಿ ಪಟ್ಟಿ ಕಂಡೊಡನೆ ಗಾಬರಿಯಾಗಬೇಕಿಲ್ಲ. ಕಡಿಮೆ ಬೆಲೆಯ ಕೆಲವು ಪರದೆಗಳು ತಾವೇ ಪಟ್ಟಿ ತೋರಿಸುವುದುಂಟು. ಚಿತ್ರವನ್ನು ಶೇಕಡಾ ನೂರರ ಗಾತ್ರದಲ್ಲಿಟ್ಟು, ಬಣ್ಣದ ಅಂಕಿ ಓದುವ ಉಪಕರಣವನ್ನು ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ ಸರಿಸಿ ನೋಡಿ. ಅಂಕಿ ಒಂದೇ ಒಂದು ಬದಲಾದರೆ 8 ಬಿಟ್‌ನಲ್ಲಿ ಸಾಧ್ಯವಾದಷ್ಟು ನಯವಾಗಿಯೇ ಇದೆಯೆಂದು ತಿಳಿಯಬಹುದು. ಕಣ ಬೆರೆಸಿದರೆ ಸಾಕು. ಮೂರು ನಾಲ್ಕು ಅಂಕಿ ಜಿಗಿದರೆ ದೋಷ ಚಿತ್ರದಲ್ಲೇ ಇದೆ. ಮೂಲಪ್ರತಿಯಿಂದ ಮತ್ತೆ ಆರಂಭಿಸುವುದೇ ಸರಿ.

ಇಷ್ಟೆಲ್ಲ ಮಾಡಿ ಕೊನೆಗೆ ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ. ಕಡತದ ತೂಕ ಇಳಿಸುವಾಗ ಮೊದಲು ಕಳೆದುಹೋಗುವುದು ನಾವು ಬೆರೆಸಿದ ಆ ಸೂಕ್ಷ್ಮ ಕಣಗಳೇ. ಅಚ್ಚಿಗೆ ಟಿಫ್ ಅಥವಾ ಉನ್ನತ ಗುಣಮಟ್ಟದ ಜೆಪೆಗ್ ಕೊಡಿ. ವಾಟ್ಸಾಪೇ ಬೇಕೆಂದಿದ್ದರೆ ಡಾಕ್ಯುಮೆಂಟ್ ಆಗಿ ಕಳುಹಿಸಿರಿ.

ಹಿರಿಯರ ಭಾವಚಿತ್ರ

ಶ್ರದ್ಧಾಂಜಲಿಗೆಂದು ಮನೆಯವರು ಕಳುಹಿಸುವ ಚಿತ್ರ ಅನೇಕ ವೇಳೆ ಹತ್ತು ಮೊಬೈಲ್ ದಾಟಿ ಬಂದುದಾಗಿರುತ್ತದೆ. ಮೊದಲು ಮೂಲಚಿತ್ರವನ್ನು ಕೇಳಿ ನೋಡಬೇಕು. ಇಲ್ಲವೆಂದಾದರೆ 16 ಬಿಟ್‌ಗೆ ಏರಿಸಿ, ಹಿನ್ನೆಲೆಯನ್ನಷ್ಟೇ ಆರಿಸಿ ತುಸು ಮಸುಕುಗೊಳಿಸಿ, ಕಣ ಬೆರೆಸಬಹುದು. ಮುಖವನ್ನು ಮುಟ್ಟಬಾರದು. ಮುಖದ ಸುಕ್ಕು ಪಟ್ಟಿಯಲ್ಲ. ಅದು ಅವರ ಗುರುತು. ತಲೆಯ ಹಿಂದೆ ಪ್ರಭೆಯೂ ಎಲ್ಲ ಚಿತ್ರಕ್ಕೂ ಬೇಕೆಂದೇನಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲಿನ ಇಲ್ಲಿನ ಎಷ್ಟೋ ಕನ್ನಡ ಶಾಲೆಗಳ, ಸಂಘಗಳ, ಕಲಾವಿದರ ಕಥೆ ಸ್ಮರಣ ಸಂಚಿಕೆಗಳ ಪುಟಗಳಲ್ಲಲ್ಲದೆ ಬೇರೆಲ್ಲೂ ದಾಖಲಾಗಿಲ್ಲ. ಇಂದು ನಮ್ಮ ಮಕ್ಕಳು ಸಿದ್ಧಪಡಿಸುವ ಚಿತ್ರಗಳು ನಾಳಿನವರಿಗೆ ಅಂತಹುದೇ ದಾಖಲೆ. ಆದುದರಿಂದ ಬೆಳಕು ಕೂಡಿಸಿದ ಪ್ರತಿ ಎಷ್ಟೇ ಚಂದ ಬರಲಿ, ಕ್ಯಾಮರಾದಿಂದ ಬಂದ ಮೂಲಪ್ರತಿಯನ್ನು ತಿದ್ದದೆ ಬೇರೆಯಾಗಿ ಇಡಬೇಕು. ಊರು, ದಿನಾಂಕ, ಚಿತ್ರದಲ್ಲಿರುವವರ ಹೆಸರುಗಳನ್ನು ಕನ್ನಡದಲ್ಲಿ ಬರೆದು ಅದರೊಂದಿಗೆ ಸೇರಿಸಬೇಕು. ಪ್ರಭೆಯನ್ನು ಯಾವಾಗ ಬೇಕಾದರೂ ಹೊಸದಾಗಿ ಕೂಡಿಸಬಹುದು; ಕಳೆದುಹೋದ ಮೂಲವನ್ನು ಮತ್ತೆ ತರಲಾಗದು.